ಮುಂದಿನ ಹುಟ್ಟುಹಬ್ಬದವರು ತುಂಬತಕ್ಕದ್ದು

ಪೆಲಿಕನ್ ಬೆಂಡ್, ದಕ್ಷಿಣ ಆಸ್ಟ್ರೇಲಿಯಾ
ಜುಲೈ 12, 2009

ಪ್ರೀತಿಯ ಗ್ಲೆನಿಸ್,

ಫೋನ್ ಬಿಟ್ಟು ಕಾಗದ ಹಿಡಿದಿದ್ದೇನೆ ಅಂದರೆ ಕೋರಲ್ ಕಿವಿಗೆ ಬೀಳಬಾರದ ವಿಷಯ ಅಂತ ನಿನಗೆ ಆಗಲೇ ಹೊಳೆದಿರಬೇಕು. ಫೋನ್ ರಿಂಗಾದರೆ ಸಾಕು, ನಿನ್ನ ತಂಗಿ ಒಳಕೋಣೆಯ ಇನ್ನೊಂದು ಫೋನ್ ಎತ್ತಿಕೊಂಡು ಉಸಿರು ಬಿಗಿಹಿಡಿದು ಕೂರುತ್ತಾಳೆ. ಹೀಗೆ ಒಂದಕ್ಕೊಂದು ಅಂಟಿಸಿ ಬರೆದ ಕೈಬರಹ ಮಾತ್ರ ಅವಳಿಗೆ ಓದಲು ಬರುವುದಿಲ್ಲ. ಮುಂದಿನ ತಿಂಗಳು ಮೂವತ್ತನಾಲ್ಕು ತುಂಬುವ ಮಗಳಿಂದ ಬಚ್ಚಿಟ್ಟು ಬರೆಯುವ ತಾಯಿ ಈ ಊರಲ್ಲಿ ನಾನೊಬ್ಬಳೇ ಇರಬೇಕು.

ಮೊದಲು ಸಿಹಿ ಸುದ್ದಿ. ಕೋರಲ್ ಮತ್ತು ಲಿಂಡ್ಸಿ ಮದುವೆಯಾಗುತ್ತಾರಂತೆ. ಅದೇ ಲಿಂಡ್ಸಿ ಫಿಟ್ಸ್‌ನರ್, ಬೌಲಿಂಗ್ ಕ್ಲಬ್ಬಿನಲ್ಲಿ ಮುದುಕರು ಚೆಂಡು ಉರುಳಿಸುವ ಹುಲ್ಲು ನೋಡಿಕೊಳ್ಳುವವನು. ಬಲಗೈ ಮಡಚಿಕೊಂಡೇ ಇರುತ್ತದೆ, ಮಾತು ನಿಧಾನ, ಮನುಷ್ಯ ಒಳ್ಳೆಯವನು. ಬರುವ ಮಾರ್ಚಿನಲ್ಲಿ ಅಂತ ಅವರೇ ಗೊತ್ತುಮಾಡಿಕೊಂಡು ನನಗೆ ಆಮೇಲೆ ತಿಳಿಸಿದರು.

ಈಗ ಇನ್ನೊಂದು. ಹೋದ ವಾರ ಸರ್ಕಾರದ ಪರವಾಗಿ ಯಾವುದೋ ವಿಶ್ವವಿದ್ಯಾಲಯದಿಂದ ದಪ್ಪ ಲಕೋಟೆ ಬಂತು. ಅಂಗವಿಕಲರ ಬಗ್ಗೆ ಜನ ಏನೆಂದುಕೊಂಡಿದ್ದಾರೆ ಅಂತ ದೇಶದಾದ್ಯಂತ ಕೇಳುತ್ತಿದ್ದಾರಂತೆ. ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ನಮ್ಮ ಮನೆ ಬಂದಿದೆ. ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಐದು ಚೌಕ. 'ಪೂರ್ತಿ ಒಪ್ಪುತ್ತೇನೆ'ಯಿಂದ ಹಿಡಿದು 'ಖಂಡಿತ ಒಪ್ಪುವುದಿಲ್ಲ'ದವರೆಗೆ. ನಾನು ಕನ್ನಡಕ ಹಾಕಿಕೊಂಡು ಪೆನ್ಸಿಲ್ ಹಿಡಿದು ಶ್ರದ್ಧೆಯಿಂದ ಕೂತೆ. ಇಂಥ ಮಗಳನ್ನು ಸಾಕಿದವಳು, ನಾನಲ್ಲದೆ ಇನ್ಯಾರು ಹೇಳಬೇಕು ಅಂತ ಸ್ವಲ್ಪ ಜಂಬವೂ ಇತ್ತು ಅಂತಲೇ ಇಟ್ಟುಕೋ.

ಇಪ್ಪತ್ತಮೂರನೆಯ ಪ್ರಶ್ನೆಯವರೆಗೆ ಸರಾಗವಾಗಿ ಹೋಯಿತು. ಅಲ್ಲಿ ಹೀಗಿದೆ: 'ಬೌದ್ಧಿಕ ವಿಕಲತೆ ಇರುವವರು ಮಕ್ಕಳನ್ನು ಪಡೆಯುವುದು ಸರಿಯಲ್ಲ.' ನಾನು ಒಂದು ಚೌಕಕ್ಕೆ ಗುರುತು ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ. ಚಹಾ ಆರಿತು.

ಅಷ್ಟರಲ್ಲಿ ಕೋರಲ್ ಪೆಟ್ಟಿಗೆ ಜೋಡಿಸುವ ಕೆಲಸದಿಂದ ಬಂದಳು. ಅವಳಿಗೆ ಅಚ್ಚಿನ ಅಕ್ಷರ ಬರುತ್ತದಲ್ಲ. ಬೆರಳಿಟ್ಟು ಮೊದಲ ಪುಟ ಓದಿದಳು. ಮನೆಯಲ್ಲಿ ಹದಿನೆಂಟು ದಾಟಿದವರಲ್ಲಿ ಯಾರ ಹುಟ್ಟುಹಬ್ಬ ಮುಂದೆ ಬರುತ್ತದೋ ಅವರೇ ತುಂಬಬೇಕಂತೆ. ಹುಟ್ಟುಹಬ್ಬದ ವಿಷಯದಲ್ಲಿ ಅವಳನ್ನು ಯಾರು ಏಮಾರಿಸುತ್ತಾರೆ, ಊರಿನವರದ್ದೆಲ್ಲ ಅವಳ ನಾಲಗೆ ತುದಿಯಲ್ಲಿದೆ.

"ನಿಂದು ನವೆಂಬರ್ ಎರಡು. ನಂದು ಆಗಸ್ಟ್ ಹತ್ತೊಂಬತ್ತು. ಇದು ನಂದು ಕಣಮ್ಮ," ಅಂದಳು. "ನೀನ್ಯಾಕೆ ಬರೀತಿದ್ದೀಯ?"

ಗೀಚಿದ್ದನ್ನೆಲ್ಲ ಅಳಿಸಿ ಕೊಟ್ಟೆ. ಅವಳು ಅದನ್ನು ತುಂಬುವಾಗ ಪಕ್ಕದಲ್ಲಿ ಕೂರಬೇಕಾದವಳು ನಾನೇ. ನನಗೆ ಭಯವಾಗುತ್ತಿದೆ, ಗ್ಲೆನ್.

ಪ್ರೀತಿಯಿಂದ,
ಅಮ್ಮ


ಹೋಬಾರ್ಟ್
ಜುಲೈ 24

ಅಮ್ಮ,

ಇಪ್ಪತ್ತೊಂದು ವರ್ಷದಿಂದ ನೀನೂ ನಾನೂ ಅದನ್ನು 'ಆ ವಿಷಯ' ಎಂದೇ ಕರೆಯುತ್ತ ಬಂದಿದ್ದೇವೆ. ನಿನ್ನ ಕಾಗದದಲ್ಲಂತೂ ಆ ಎರಡು ಪದವೂ ಇಲ್ಲ, ಬರೀ ಆರಿದ ಚಹಾ ಇದೆ. ಹಾಗಾಗಿ ನಾನೇ ಬರೆಯುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೋ.

1988ರ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಕೋರಲ್‌ಳನ್ನು ನಗರದ ಆಸ್ಪತ್ರೆಗೆ ಸೇರಿಸಿ ಅವಳ ಗರ್ಭಕೋಶ ತೆಗೆಸಿದೆವು. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೋರ್ಟು ಕಚೇರಿ ಯಾವುದೂ ಆಗ ಬೇಕಿರಲಿಲ್ಲ, ನಿನ್ನ ಒಂದು ಸಹಿ ಸಾಕಾಯಿತು. ಅವಳಿಗೆ ಅಪೆಂಡಿಕ್ಸ್ ಎಂದು ಹೇಳಿದೆವು. ಹೇಳಿದವಳು ನಾನು. ಟೀಚರ್ಸ್ ಕಾಲೇಜಿನಿಂದ ರಜ ಹಾಕಿ ಬಂದು, ಮಂಚದ ಪಕ್ಕ ಕೂತು, "ಹೊಟ್ಟೇಲಿ ಒಂದು ಬೇಡದ ಬಾಲ ಇರತ್ತೆ ಪುಟ್ಟಿ, ಅದನ್ನ ತೆಗೀತಾರೆ ಅಷ್ಟೆ" ಎಂದೆ. ಅವಳು ನನಗೆ ಥ್ಯಾಂಕ್ಸ್ ಹೇಳಿದಳು. ತಿಂಗಳಿನದು ಯಾಕೆ ನಿಂತುಹೋಯಿತು ಎಂದು ಆಮೇಲೆ ಕೇಳಿದಾಗ, ಕೆಲವರಿಗೆ ನಿಂತುಹೋಗುತ್ತೆ, ನಿನ್ನದು ಅದೃಷ್ಟ ಎಂದು ನೀನು ಹೇಳಿದೆ. ಅವಳು ಆ ಅದೃಷ್ಟವನ್ನು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು.

ಅವಳಿಗೆ ಮಕ್ಕಳೆಂದರೆ ಪ್ರಾಣ ಎಂದು ನಿನಗೆ ಗೊತ್ತು. ಮದುವೆಯಾದ ಮೇಲೆ ಅವರು ತಿಂಗಳು ತಿಂಗಳು ಕಾಯುತ್ತ ಕೂರುತ್ತಾರೆ. ನೀನು ಅದನ್ನು ನೋಡಿಕೊಂಡು ಇರುತ್ತೀಯ?

ಹೇಳಿಬಿಡು ಅಮ್ಮ. ಮದುವೆಗೆ ಮೊದಲು. ಆ ಫಾರಂ ತುಂಬುವ ದಿನವೇ ಹೇಳು.

ಗ್ಲೆನಿಸ್


ಪೆಲಿಕನ್ ಬೆಂಡ್
ಆಗಸ್ಟ್ 9

ಪ್ರೀತಿಯ ಗ್ಲೆನಿಸ್,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ತಪ್ಪು ತಿಳಿಯಬೇಡ. ಅಂಥ ಮಾತು ಕಣ್ಣಿಗೆ ಕಾಣುವ ಹಾಗೆ ಮನೆಯಲ್ಲಿ ಬಿದ್ದಿರುವುದನ್ನು ನನಗೆ ತಡೆಯಲಾಗಲಿಲ್ಲ.

ಭಾನುವಾರ ಫಾರಂ ತುಂಬಿದೆವು. ಕೋರಲ್ ಕೂದಲು ಬಾಚಿಕೊಂಡು, ಚರ್ಚಿಗೆ ಹಾಕುವ ಕಾರ್ಡಿಗನ್ ಹಾಕಿಕೊಂಡು ಅಡುಗೆಮನೆ ಮೇಜಿಗೆ ಬಂದಳು. ಲಿಂಡ್ಸಿಯೂ ಇದ್ದ. ಅವನ ಮನೆಗೆ ಲಕೋಟೆ ಬಂದಿಲ್ಲವಲ್ಲ ಅಂತ ಅವನಿಗೆ ಸ್ವಲ್ಪ ಮುನಿಸು. ನಾನು ಓದುವುದು, ಅವಳು ಗುರುತು ಹಾಕುವುದು.

'ವಿಕಲತೆ ಇರುವವರು ನೆರೆಮನೆಗೆ ಬಂದರೆ ನನಗೆ ಅಭ್ಯಂತರವಿಲ್ಲ.'

"ಅವ್ರನ್ನ ನೋಡ್ದೆ ಹೇಗೆ ಹೇಳೋದು?" ಅಂದಳು. "ನಾಯಿ ಇಟ್ಕೊಂಡಿದ್ದಾರಾ? ಬೊಗಳತ್ತಾ?" 'ಗೊತ್ತಿಲ್ಲ' ಚೌಕಕ್ಕೆ ಗುರುತು ಬಿತ್ತು.

'ಅಂಥವರ ಜೊತೆ ಮಾತಾಡುವಾಗ ನನಗೆ ಮುಜುಗರವಾಗುತ್ತದೆ.'

"ಲಿಂಡ್ಸಿ ಜೊತೆ ಮೊದ್ಲು ಮಾತಾಡ್ವಾಗ ಆಗಿತ್ತು. ಒಳ್ಳೆ ಶರ್ಟ್ ಹಾಕಿದ್ದ." 'ಒಪ್ಪುತ್ತೇನೆ.' ಲಿಂಡ್ಸಿ ಕಿವಿಯವರೆಗೆ ಕೆಂಪಾದ. ನಿನ್ನಾಣೆ, ಅಲ್ಲಿಯವರೆಗೆ ಆ ಬೆಳಗ್ಗೆ ಸಂತೋಷವಾಗಿಯೇ ಇತ್ತು.

ಇಪ್ಪತ್ತಮೂರು ಬಂತು. ನಾನು ಓದಿದೆ. ಅವಳು ಎರಡು ಸಲ ಓದಿಸಿದಳು.

"ಅಮ್ಮ, ಈ ಬೌದ್ಧಿಕ ಅನ್ನೋದು ನಾನಾ?"

"ನಿನ್ನಂಥೋರು ಅಂತ."

"ಹಂಗಾದ್ರೆ ಕೇಳಿದವ್ರು ನನ್ನ ಮುಖ ನೋಡ್ಕೊಂಡು ಕೇಳ್ಲಿ." ಪೆನ್ನು ಒತ್ತಿ ಒತ್ತಿ 'ಖಂಡಿತ ಒಪ್ಪುವುದಿಲ್ಲ' ಚೌಕಕ್ಕೆ ಗುರುತು ಹಾಕಿದಳು. ಆಮೇಲೆ ಕಾಗದವನ್ನು ಕಣ್ಣ ಹತ್ತಿರ ಹಿಡಿದು, "ಇಲ್ಲಿ ಪೆನ್ಸಿಲ್ ಗುರುತಿದೆ. ನೀನು ಯಾವುದಕ್ಕೆ ಹಾಕಿದ್ದೆ?" ಅಂದಳು.

"ಮರೆತೆ ಕಣೆ," ಅಂದೆ.

"ನಮಗೆ ಎರಡು ಮಕ್ಕಳು," ಅಂತ ಲಿಂಡ್ಸಿ ನಿಧಾನವಾಗಿ ಹೇಳಿದ. "ಮೊದಲು ಹುಡುಗಿ."

ಕೊನೆಯ ಪುಟ ವಿಕಲತೆ ಇರುವವರಿಗೆ ಮಾತ್ರ. 'ನನ್ನ ಬದುಕಿನ ದೊಡ್ಡ ವಿಷಯಗಳನ್ನು ನಾನೇ ತೀರ್ಮಾನಿಸುತ್ತೇನೆ' ಅಂತಿತ್ತು. ಅವಳು ಯೋಚನೆಯನ್ನೇ ಮಾಡದೆ 'ಪೂರ್ತಿ ಒಪ್ಪುತ್ತೇನೆ' ಅಂದಳು. "ಕೆಲಸ ನಂದು, ಲಿಂಡ್ಸಿ ನನ್ನೋನು, ಕೂದಲು ಕತ್ತರಿಸಿದ್ದೂ ನಾನು ಹೇಳ್ದಂಗೆ. ಅಲ್ವಾಮ್ಮ?" ನಾನು ಹೌದು ಅಂದೆ. ಲಕೋಟೆ ಅಂಟಿಸಿ ಇಬ್ಬರೂ ಕೈಹಿಡಿದು ಅಂಚೆಪೆಟ್ಟಿಗೆಗೆ ಹಾಕಿಬಂದರು.

ನಾನು ಹೇಳಲಿಲ್ಲ. ಬಾಯಿ ಬರಲಿಲ್ಲ. ನಿನಗೆ ಆ ವರ್ಷ ನೆನಪಿದೆಯೋ ಇಲ್ಲವೋ. ತಿಂಗಳಿಗೊಮ್ಮೆ ಶಾಲೆಯಿಂದ ಫೋನ್ ಬರುವುದು, ಬಂದು ಕರೆದುಕೊಂಡು ಹೋಗಿ, ಬೆಂಚೆಲ್ಲ ಕೊಳೆಯಾಗಿದೆ, ಹುಡುಗರು ನಗುತ್ತಿದ್ದಾರೆ ಅಂತ. ಅವಳಿಗೆ ಎಷ್ಟು ಹೇಳಿಕೊಟ್ಟರೂ ಆಗ ತಿಳಿಯುತ್ತಿರಲಿಲ್ಲ. ಯಾವನಾದರೂ ಏನಾದರೂ ಮಾಡಿದರೆ ಅನ್ನುವ ಭಯ ಬೇರೆ. ಡಾಕ್ಟರು, "ಇದು ಅವಳಿಗೆ ಮಾಡೋ ಉಪಕಾರ, ಮಿಸೆಸ್ ಟ್ರೆಝೈಸ್" ಅಂದರು. ನಿಮ್ಮಪ್ಪ ಹೊರಗೆ ಕಾರಿನಲ್ಲಿ ಕೂತಿದ್ದರು. ಹತ್ತು ನಿಮಿಷದಲ್ಲಿ ಸಹಿ ಹಾಕಿದೆ. ಆಗ ಅದು ತಪ್ಪು ಅಂತ ನನಗೆ ಒಬ್ಬರೂ ಹೇಳಲಿಲ್ಲ, ನೀನೂ ಸೇರಿ.

ಮದುವೆಯ ಹಣ್ಣಿನ ಕೇಕಿಗೆ ಈಗಲೇ ದ್ರಾಕ್ಷಿಯನ್ನು ಬ್ರಾಂದಿಯಲ್ಲಿ ನೆನೆಹಾಕಿದ್ದೇನೆ, ವರ್ಷ ಕಳೆದರೂ ಕೆಡುವುದಿಲ್ಲ. ಎರಡು ಅಂತಸ್ತಿನದೇ ಬೇಕಂತೆ. ಮೇಲಿನದನ್ನು ಎಲ್ಲರ ಹಾಗೆ ಮೊದಲ ಮಗುವಿನ ನಾಮಕರಣಕ್ಕೆ ಎತ್ತಿಡುತ್ತಾಳಂತೆ. ಅದನ್ನು ಬೇಯಿಸುವ ಕೈ ನನ್ನದು.

ನೀನು ಬಾ ಗ್ಲೆನ್. ಮೊದಲು ಹೇಳಿದವಳು ನೀನು, ನಿನ್ನ ಮಾತನ್ನು ಅವಳು ನಂಬುತ್ತಾಳೆ. ನೀನೇ ಬಂದು ಹೇಳು.

ಅಮ್ಮ


ಹೋಬಾರ್ಟ್
ಆಗಸ್ಟ್ 20

ಅಮ್ಮ,

ಬರುವುದಿಲ್ಲ.

ಹತ್ತೊಂಬತ್ತು ವರ್ಷದವಳ ಬಾಯಲ್ಲಿ ಸುಳ್ಳು ಹೇಳಿಸಿದೆ. ಈಗ ನಲವತ್ತೊಂದರವಳ ಬಾಯಲ್ಲಿ ನಿಜ ಹೇಳಿಸಲು ನೋಡುತ್ತಿದ್ದೀಯ. ಎರಡೂ ಸಲ ನಿನ್ನ ಬಾಯಿ ಮುಚ್ಚಿಯೇ ಇರಬೇಕು, ಅಲ್ಲವೆ?

ನಾನು ಯಾಕೆ ಇಷ್ಟು ದೂರ, ಸಮುದ್ರ ದಾಟಿ ಬಂದು ಕೂತೆ ಎಂದು ನೀನು ಎಲ್ಲರಿಗೂ ಹೇಳುವ ಕಾರಣ ನನಗೆ ಗೊತ್ತು, ಟೀಚರ್ ಕೆಲಸ ಇಲ್ಲಿ ಸಿಕ್ಕಿತು ಎಂದು. ನನಗೆ ಮಕ್ಕಳು ಯಾಕಿಲ್ಲ ಎಂದು ನೀನು ಒಮ್ಮೆಯೂ ಕೇಳಲಿಲ್ಲ, ಕೇಳಿದರೆ ನಾನು ಹೇಳಿಬಿಟ್ಟೇನೆಂಬ ಭಯ ನಿನಗಿತ್ತು. ಎಳೆಗೂಸನ್ನು ಎತ್ತಿಕೊಂಡು ಆ ಬಾಗಿಲಿಗೆ ಬಂದು ಕೋರಲ್ ಕೈಗೆ ಕೊಡುವ ಧೈರ್ಯ ನನಗಿರಲಿಲ್ಲ. ಅಷ್ಟೆ. ಬೇರೆ ಏನೂ ಇಲ್ಲ.

ಅಕ್ಟೋಬರ್ ಕೊನೆಯವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನು ಹೇಳದಿದ್ದರೆ, ಅವಳು ಓದಬಲ್ಲ ದೊಡ್ಡ ದೊಡ್ಡ ಬಿಡಿ ಅಕ್ಷರದಲ್ಲಿ ನಾನೇ ಅವಳಿಗೆ ಬರೆಯುತ್ತೇನೆ. ಅಂಚೆ ತರುವವಳು ಅವಳೇ ಎನ್ನುವುದು ನೆನಪಿರಲಿ.

ಗ್ಲೆನಿಸ್


ಪೆಲಿಕನ್ ಬೆಂಡ್
ಅಕ್ಟೋಬರ್ 3

ಗ್ಲೆನಿಸ್,

ಆರು ವಾರ ಬರೆಯಲಿಲ್ಲ, ಕೋಪ ಬಂದಿತ್ತು. ಈಗ ಅದೆಲ್ಲ ಎಲ್ಲಿಗೆ ಹೋಯಿತೋ. ನಿನಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ, ವಾರ್ಡಿನ ಫೋನಿನಲ್ಲಿ ಹೇಳುವ ಮಾತಲ್ಲ ಅದು. ಪೂರ್ತಿ ಇಲ್ಲಿ ಬರೆಯುತ್ತೇನೆ.

ಸೋಮವಾರ ಸಂಜೆಯಿಂದಲೇ ಕೋರಲ್ ಹೊಟ್ಟೆ ಹಿಡಿದುಕೊಂಡಿದ್ದಳು. ಕಿತ್ತಳೆ ಜಾಸ್ತಿ ತಿಂದಿದ್ದಾಳೆ ಅಂದುಕೊಂಡೆ. ಮಂಗಳವಾರ ಬೆಳಗ್ಗೆ ಬೆನ್ನು ನೆಟ್ಟಗೆ ಮಾಡಲು ಆಗದೆ ಮುದುರಿಕೊಂಡಿದ್ದಳು. ಏಳು ಗಂಟೆಗೆ ನಮ್ಮೂರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಸ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿದವಳೇ, "ಅಪೆಂಡಿಕ್ಸ್ ಇದ್ದಂಗಿದೆ" ಅಂದಳು.

ಕೋರಲ್‌ಗೆ ಅಷ್ಟು ನೋವಿನಲ್ಲೂ ನಗು ಬಂತು. "ಅದು ನಂಗಿಲ್ಲ ಡಾಕ್ಟ್ರೇ. ಹನ್ನೆರಡು ವರ್ಷದಲ್ಲೇ ತೆಗ್ಸಿಬಿಟ್ಟಿದ್ದೀವಿ. ಬೇಕಾದ್ರೆ ನಮ್ಮಮ್ಮನ್ನ ಕೇಳಿ."

ಡಾಕ್ಟರು ಆ ಹಳೆಯ ಗಾಯದ ಗೆರೆ ನೋಡಿದಳು. ಅದು ಬಲಗಡೆ ಇಲ್ಲವಲ್ಲ, ಕೆಳಗೆ ಅಡ್ಡಕ್ಕಿದೆ. ಆಮೇಲೆ ನನ್ನ ಮುಖ ನೋಡಿದಳು. ನಾನು ತಕ್ಷಣ ಹೇಳಿದೆ, ಗ್ಲೆನ್. ಅಪೆಂಡಿಕ್ಸ್ ಒಳಗೇ ಇದೆ, ಅದನ್ನು ತೆಗೆಸಿಲ್ಲ ಅಂತ ಎಲ್ಲರ ಮುಂದೆ ಹೇಳಿದೆ.

ಹೇಳಿದ ಮೇಲೆ ಅವರು ಕಾಯಲಿಲ್ಲ. ಹನ್ನೆರಡಕ್ಕೆ ಆಂಬುಲೆನ್ಸಿನಲ್ಲಿ ದೊಡ್ಡ ಊರಿಗೆ ಕಳಿಸಿದರು. ದಾರಿಯಲ್ಲೇ ಒಡೆದುಹೋಗಿತ್ತಂತೆ. ಹೊಟ್ಟೆಯೆಲ್ಲ ಕೀವು. ಅರ್ಧ ದಿನ ತಡವಾಗಿದ್ದರೆ ನಮ್ಮ ಕೈಗೆ ಸಿಗುತ್ತಿರಲಿಲ್ಲ ಅಂದರು. ಈಗ ಪರವಾಗಿಲ್ಲ, ಗಂಜಿ ಕುಡಿಯುತ್ತಿದ್ದಾಳೆ, ಜ್ವರ ಇಳಿದಿದೆ.

ಆಂಬುಲೆನ್ಸಿಗೆ ಹಾಕುವಾಗ ಅವಳು ನನ್ನ ತೋಳು ಹಿಡಿದು ಒಂದೇ ಒಂದು ಪ್ರಶ್ನೆ ಕೇಳಿದಳು. "ಹಂಗಾದ್ರೆ ಅವತ್ತು ಏನು ತೆಗೆದ್ರು?"

ನಾನು ಅಲ್ಲಿಯೇ ಹೇಳಿದೆ. ಬಾಗಿಲು ಹಾಕುವ ಹುಡುಗ ಕೈ ತಡೆದು ನಿಂತ. ಎರಡೇ ವಾಕ್ಯ. ಇಪ್ಪತ್ತೊಂದು ವರ್ಷ ನುಂಗಿಕೊಂಡದ್ದು ಎರಡು ವಾಕ್ಯದಲ್ಲಿ ಮುಗಿಯಿತು. ಅವಳು ನನ್ನ ತೋಳು ಬಿಟ್ಟಳು.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ನರ್ಸುಗಳ ಜೊತೆ ಹರಟೆ ಹೊಡೆಯುತ್ತಾಳೆ, ಅವರ ಹುಟ್ಟುಹಬ್ಬ ಕೇಳಿಕೊಳ್ಳುತ್ತಾಳೆ. ನಾನು ಹೋದರೆ ಗೋಡೆ ಕಡೆ ತಿರುಗುತ್ತಾಳೆ. ನೀನು ಬೇಡಿದ್ದು ಆಯಿತು. ಹೇಳಿದ್ದೇನೆ.

ಅಮ್ಮ


ಹೋಬಾರ್ಟ್
ಅಕ್ಟೋಬರ್ 14

ಅಮ್ಮ,

ವಾರ್ಡಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅವಳು ನನ್ನ ದನಿ ಕೇಳಿ ಇಟ್ಟುಬಿಟ್ಟಳು. ನಾನು ಅದಕ್ಕೆ ಯೋಗ್ಯಳೇ.

ನೀನು ಹೇಳಿದ್ದಕ್ಕೆ ನಿನ್ನನ್ನು ಹೊಗಳಬೇಕೋ ಬಯ್ಯಬೇಕೋ ತಿಳಿಯುತ್ತಿಲ್ಲ. ಜೀವ ಉಳಿಸಿದ್ದು ನೀನೇ. ಅಷ್ಟು ಜನರ ಮುಂದೆ ಹೇಳುವುದು ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತಾಗುತ್ತದೆ. ನಾನಾಗಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಒಂದು ವಿಷಯ ಮಾತ್ರ ಕೊರೆಯುತ್ತಿದೆ. ಏಳಕ್ಕೆ ಆಸ್ಪತ್ರೆಗೆ ಹೋದಿರಿ. ಡಾಕ್ಟರ್ ಕೇಳಿದ ತಕ್ಷಣ ಹೇಳಿದೆ. ಆಂಬುಲೆನ್ಸ್ ಹೊರಟದ್ದು ಹನ್ನೆರಡಕ್ಕೆ. ಹೇಳಿದ ಮೇಲೆ ಕಾಯಲಿಲ್ಲ ಎಂದೂ ನೀನೇ ಬರೆದಿದ್ದೀಯ. ನಡುವಿನ ಹೊತ್ತಿನಲ್ಲಿ ಏನಾಯಿತು?

ಗ್ಲೆನಿಸ್


ಪೆಲಿಕನ್ ಬೆಂಡ್
ನವೆಂಬರ್ 8

ಪ್ರೀತಿಯ ಗ್ಲೆನಿಸ್,

ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಶಾಲು ಬಂತು, ಬೆಚ್ಚಗಿದೆ. ಇಲ್ಲಿ ಆಗಲೇ ಸೆಕೆ ಶುರುವಾಗಿದೆ, ಆದರೂ ಹೊದ್ದುಕೊಂಡು ಕೂತಿದ್ದೇನೆ.

ಕೋರಲ್ ಮನೆ ಬಿಟ್ಟಳು. ಆಸ್ಪತ್ರೆಯಿಂದ ಬಂದು ಒಂದು ವಾರ ಇದ್ದಳು. ನನ್ನ ಹುಟ್ಟುಹಬ್ಬದ ದಿನ ಬೆಳಗ್ಗೆ ಲಿಂಡ್ಸಿ ಕ್ಲಬ್ಬಿನ ಟ್ರೇಲರ್ ತಗಲಿಸಿಕೊಂಡು ಅವನ ಅಣ್ಣನ ಕಾರಿನಲ್ಲಿ ಬಂದ. ಹಾಸಿಗೆ, ರೇಡಿಯೋ, ಹುಟ್ಟುಹಬ್ಬದ ಪುಸ್ತಕ, ಎಲ್ಲ ತುಂಬಿದರು. ನಾನು ಹೊಸ್ತಿಲಲ್ಲಿ ನಿಂತೆ. "ಅಡುಗೆ ಯಾರು ಮಾಡ್ತಾರೆ ಕೋರಲ್? ಮಾತ್ರೆ ಯಾರು ಕೊಡ್ತಾರೆ?" ಅಂತ ಕೇಳಿದೆ. ಆ ಮಾತಿಗೆ ಅವಳು ನಿಂತು ತಿರುಗಿದಳು. ಇಷ್ಟು ದಿನದಲ್ಲಿ ಮೊದಲ ಮಾತು.

"ನಾನು," ಅಂದಳು. "ನಾನೇ ತಗೋತೀನಿ."

ಕೇಕು ಡಬ್ಬದಲ್ಲಿತ್ತು, ಎರಡೂ ಅಂತಸ್ತು. ಅವಳು ಕೆಳಗಿನದನ್ನು ತೆಗೆದುಕೊಂಡು ಹೋದಳು. ಮೇಲಿನ ಚಿಕ್ಕದನ್ನು ಮೇಜಿನ ಮೇಲೆ ಬಿಟ್ಟು ಡಬ್ಬದ ಮುಚ್ಚಳ ಹಾಕಿ ಹೋಗಿದ್ದಳು, ಇರುವೆ ಬರಬಾರದು ಅಂತ. ನನಗೆ ಆ ಮುಚ್ಚಳ ನೋಡಿ ದುಃಖ ತಡೆಯಲಾಗಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮನೆ ಬಿಕೋ ಅನ್ನುತ್ತದೆ ಅಂತ ಬರೆದರೆ ನೀನು ನಾಟಕ ಅನ್ನುತ್ತೀಯ. ಆದರೂ ಫೋನ್ ಬಂದಾಗ ಒಳಕೋಣೆಯಲ್ಲಿ ಇನ್ನೊಂದು ಫೋನ್ ಎತ್ತುವ ಸದ್ದು ಕೇಳದಿದ್ದರೆ ನನಗೆ ಮಾತೇ ಹೊರಡುವುದಿಲ್ಲ.

ಆ ನಡುವಿನ ಹೊತ್ತಿನ ಬಗ್ಗೆ ಕೇಳಿದ್ದೀಯ. ಆಸ್ಪತ್ರೆಗಳೆಂದರೆ ನಿನಗೆ ಗೊತ್ತಲ್ಲ, ರಕ್ತ ಕೊಡಿ, ಮೂತ್ರ ಕೊಡಿ, ಕೂತಿರಿ ಅನ್ನುತ್ತಾರೆ. ಕಾಯಿಸಿದರು. ಅದನ್ನೇ ಹಿಡಿದು ಜಗ್ಗಬೇಡ ಮಗಳೆ. ನನಗೆ ಅರವತ್ತೊಂಬತ್ತು ಆಯಿತು.

ಅಮ್ಮ


ಬೌಲಿಂಗ್ ಕ್ಲಬ್ಬಿನ ಹಿಂದೆ, ಮನೆ ನಂಬರ್ 3
ಪೆಲಿಕನ್ ಬೆಂಡ್
ಡಿಸೆಂಬರ್ 6, 2009

ಗ್ಲೆನ್,

ಇದನ್ನು ನಾನೇ ಬರೆಯುತ್ತಿದ್ದೇನೆ. ಮೂರು ದಿನದಿಂದ ಬರೆಯುತ್ತಿದ್ದೇನೆ. ಕಷ್ಟದ ಪದಗಳನ್ನು ಲಿಂಡ್ಸಿ ಹೇಳಿಕೊಡುತ್ತಾನೆ. ಅವನಿಗೂ ಎಲ್ಲ ಬರುವುದಿಲ್ಲ.

ನೀನು ಫೋನ್ ಮಾಡಿದಾಗ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ಆ ಬಾಲದ ಮಾತು ನೆನಪಾಗುತ್ತದೆ. ನಾನು ಅದನ್ನು ಎಲ್ಲರಿಗೂ ಹೇಳುತ್ತಿದ್ದೆ, ನನಗೆ ಬಾಲ ಇಲ್ಲ ಅಂತ. ಎಲ್ಲರೂ ನಗುತ್ತಿದ್ದರು. ಎಷ್ಟು ಜನಕ್ಕೆ ನಿಜ ಗೊತ್ತಿತ್ತು ಅಂತ ಈಗ ಒಬ್ಬೊಬ್ಬರನ್ನೇ ಯೋಚನೆ ಮಾಡುತ್ತೇನೆ. ಚರ್ಚಿನವರಿಗೆ ಗೊತ್ತಿತ್ತಾ? ಅದು ಬಹಳ ಕೆಟ್ಟ ಕೆಲಸ ಗ್ಲೆನ್, ಹಾಗೆ ಕೂತು ಯೋಚಿಸುವುದು.

ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ, ತೆಗೆದದ್ದನ್ನು ಮತ್ತೆ ಹಾಕಲು ಆಗುತ್ತದಾ ಅಂತ. ಆಗುವುದಿಲ್ಲ ಅಂದರು. ಎಲ್ಲಿಟ್ಟಿದ್ದಾರೆ ಅಂತ ಕೇಳಿದೆ. ಇಡುವುದಿಲ್ಲ ಅಂದರು. ಲಿಂಡ್ಸಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಹುಲ್ಲು ಉದ್ದ ಬೆಳೆಯಿತು. ಮದುವೆ ಬೇಡ ಅಂದರೆ ಪರವಾಗಿಲ್ಲ ಅಂದೆ ಅವನಿಗೆ. ಅವನು ಬಹಳ ಹೊತ್ತು ತೆಗೆದುಕೊಂಡು, "ನಾನು ಕೇಳಿದ್ದು ನಿನ್ನ" ಅಂದ. ಅವನ ಮಾತು ನಿಧಾನ ಅಂತ ಗೊತ್ತಲ್ಲ, ಅಷ್ಟು ಹೊತ್ತು ನನಗೆ ಜೀವ ಹೋಗಿತ್ತು.

ಆ ಫಾರಂ ಕಳಿಸಿದ ಸರ್ವೆಯವರಿಗೂ ಫೋನ್ ಮಾಡಿದೆ. ಕಾಗದದಲ್ಲಿ ನಂಬರ್ ಇತ್ತು, ದುಡ್ಡು ಬೀಳುವುದಿಲ್ಲ. ಒಬ್ಬಳು ಹುಡುಗಿ ಎತ್ತಿದಳು. ಕೊನೆಯ ಪುಟದಲ್ಲಿ ತಪ್ಪು ಉತ್ತರ ಕೊಟ್ಟಿದ್ದೇನೆ, ಬದಲಾಯಿಸಿ ಅಂದೆ. ಬೇಕು ಅಂತ ಮಾಡಿದ್ದಲ್ಲ, ನನಗೆ ಗೊತ್ತಿರಲಿಲ್ಲ ಅಂದೆ. ಅವಳು ಪಾಪ, ಹೆಸರು ತೆಗೆದುಬಿಟ್ಟಿದ್ದೇವೆ, ಯಾವುದು ನಿಮ್ಮದು ಅಂತ ಸಿಗುವುದಿಲ್ಲ ಅಂದಳು. ದೇಶದ ಲೆಕ್ಕದಲ್ಲಿ ನಾನು ಹಾಗೇ ಇರುತ್ತೇನೆ, ದೊಡ್ಡ ವಿಷಯಗಳನ್ನು ತಾನೇ ತೀರ್ಮಾನಿಸುವವಳು. ಅವಳ ಹುಟ್ಟುಹಬ್ಬ ಫೆಬ್ರವರಿ ಇಪ್ಪತ್ತೇಳು.

ಈಗ ನಿನಗೆ ಗೊತ್ತಿಲ್ಲದ್ದು ಒಂದು ಹೇಳುತ್ತೇನೆ. ಅಮ್ಮ ನಿನಗೆ ಬರೆದಿರುವುದಿಲ್ಲ. ಲಿಂಡ್ಸಿಗೂ ಹೇಳಿಲ್ಲ.

ಆ ದಿನ ಡಾಕ್ಟರು ಅಮ್ಮನನ್ನು ಕೇಳಿದರು, ಇದು ಅಪೆಂಡಿಕ್ಸ್ ತೆಗೆದ ಗಾಯವಾ ಅಂತ. ಅಮ್ಮ ಹೌದು ಅಂದಳು. ಡಾಕ್ಟರು ಮತ್ತೆ ಕೇಳಿದರು. ಅಮ್ಮ ಮತ್ತೆ ಹೌದು ಅಂದಳು. ಹಾಗಾದರೆ ಮೂತ್ರದ ಸೋಂಕು ಇರಬೇಕು ಅಂತ ಅವರು ಸೂಜಿ ಚುಚ್ಚಿ ಬಾಟಲಿ ಹಾಕಿ ಹೋದರು. ನನ್ನ ಮಂಚದ ಎದುರಿಗೆ ಗಡಿಯಾರ ಇತ್ತು. ನನಗೆ ಗಡಿಯಾರ ನೋಡಲು ಬರುತ್ತದೆ, ನೀನೇ ಕಲಿಸಿದ್ದು. ಏಳೂಕಾಲು. ಅಮ್ಮ ಕುರ್ಚಿಯಲ್ಲಿ ಕೂತಿದ್ದಳು. ಎಂಟು. ನಾನು ವಾಂತಿ ಮಾಡಿದೆ, ಅವಳು ಒರೆಸಿದಳು. ಒಂಬತ್ತು. ನಾನು ಸಾಯುತ್ತೀನಾಮ್ಮ ಅಂತ ಕೇಳಿದೆ. ಇಲ್ಲ ಕಣೆ ಅಂದಳು. ಅವಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹತ್ತು. ಹನ್ನೊಂದು ಗಂಟೆಗೆ ನಾನು ಕಿರುಚಿದೆ, ಆಗ ಎದ್ದು ಹೋಗಿ ಹೇಳಿದಳು.

ನಾಲ್ಕು ಗಂಟೆ ಗ್ಲೆನ್. ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಗರ್ಭಕೋಶದ್ದು ಆಗ ನಾನು ಚಿಕ್ಕವಳು, ಅವಳಿಗೆ ಭಯ ಇತ್ತು, ಡಾಕ್ಟರು ಹೇಳಿದರು. ಅದನ್ನು ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದೇನೆ, ಒಂದು ದಿನ ಆಗಬಹುದು. ಈ ನಾಲ್ಕು ಗಂಟೆ ಮಾತ್ರ ಆಗುತ್ತಿಲ್ಲ. ಲಿಂಡ್ಸಿಗೆ ಹೇಳಿದರೆ ಅವನು ಇನ್ನು ಯಾವತ್ತೂ ಅವಳ ಮನೆಗೆ ಹೋಗುವುದಿಲ್ಲ. ಅವಳ ಸೂರಿನ ಗಟರಿನಲ್ಲಿ ಬಿದ್ದ ಎಲೆ ತೆಗೆಯುವವರು ಬೇರೆ ಯಾರೂ ಇಲ್ಲ. ಅದಕ್ಕೆ ಹೇಳಿಲ್ಲ. ನಿನಗೆ ಹೇಳಿದ್ದು, ನೀನು ಸುಳ್ಳನ್ನು ಬಹಳ ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲೆ ಅಂತ ಗೊತ್ತಿರುವುದರಿಂದ. ಇದು ನಿಜ, ಇದನ್ನೂ ಇಟ್ಟುಕೋ.

ಮದುವೆ ಮಾರ್ಚ್ ಆರನೇ ತಾರೀಖು, ಶನಿವಾರ, ಹನ್ನೊಂದು ಗಂಟೆಗೆ, ಕ್ಲಬ್ಬಿನ ಹುಲ್ಲಿನ ಮೇಲೆ. ಚಪ್ಪಟೆ ಚಪ್ಪಲಿ ಹಾಕಿಕೊಂಡು ಬಾ, ಎತ್ತರದ ಹಿಮ್ಮಡಿ ಹುಲ್ಲಿಗೆ ಚುಚ್ಚಿದರೆ ಲಿಂಡ್ಸಿ ಬಿಡುವುದಿಲ್ಲ. ಅಮ್ಮನನ್ನೂ ಕರೆದಿದ್ದೇನೆ. ಇಬ್ಬರಿಗೂ ಕುರ್ಚಿ ಹಾಕಿಸುತ್ತೇನೆ, ಮುಂದಲ್ಲ, ಎರಡನೇ ಸಾಲಿನಲ್ಲಿ. ಬರಬೇಕು. ಆದರೆ ಅಳಬೇಡಿ. ನೀವಿಬ್ಬರೂ ಅತ್ತರೆ ನಾನೇ ಬಂದು ಸಮಾಧಾನ ಮಾಡಬೇಕಾಗುತ್ತದೆ, ಅವತ್ತು ನನಗೆ ಪುರುಸೊತ್ತಿರುವುದಿಲ್ಲ.

ಕೋರಲ್ ಟ್ರೆಝೈಸ್